ಕರಿಕೋಟು, ಶಾಸಕರ ಕುರ್ಚಿ ಮತ್ತು ಕೆಟ್ಟ ಹಳ್ಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಕೀಲರು ಶಾಸಕರಾಗಿ ಗೆದ್ದ ಮೇಲೂ ಕೋರ್ಟಿನಲ್ಲಿ ವಾದ ಮಾಡಬಹುದೇ? ಸರ್ಕಾರದ ಸಂಬಳ ಬರುತ್ತದಲ್ಲ?
— ಸಾಗರದ ಓದುಗರೊಬ್ಬರು

ಮಾಡಬಹುದು. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡುವಂತಿಲ್ಲ ಎನ್ನುವುದು ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ. ಶಾಸಕ, ಸಂಸದರನ್ನೂ ಇದರಡಿ ತರಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ವಜಾ ಮಾಡಿತು. ಶಾಸಕರಿಗೆ ವೇತನ ಸಿಕ್ಕರೂ ಅವರು ಯಾರ ನೌಕರರೂ ಅಲ್ಲ ಎನ್ನುವುದು ಕಾರಣ. ಆದರೆ ತಮ್ಮದೇ ಹಣಕಾಸಿನ ಹಿತಾಸಕ್ತಿ ಇರುವ ಮೊಕದ್ದಮೆಯಲ್ಲಿ ಯಾವ ವಕೀಲರೂ ವಾದಿಸುವಂತಿಲ್ಲ. ನಮ್ಮನ್ನು ಕೇಳಿದರೆ, ಸ್ವಂತ ಕ್ಷೇತ್ರದ ಗಣಿ, ಕಾರ್ಖಾನೆಗಳ ಪರ ವಕಾಲತ್ತು ಹಾಕದಿರುವುದೇ ಶಾಸಕರಿಗೆ ಮರ್ಯಾದೆ.

ಪ್ರಶ್ನೆ: ಕಾರ್ಖಾನೆಯ ಕೊಳಚೆ ನೀರು ಊರ ಹಳ್ಳಕ್ಕೆ ಸೇರುತ್ತಿದೆ. ಒಂದು ವರ್ಷದಿಂದ ಮನವಿ ಕೊಡುತ್ತಲೇ ಇದ್ದೇವೆ. ಹಸಿರು ನ್ಯಾಯಮಂಡಳಿಗೆ ಹೋದರೆ ಪ್ರಯೋಜನವಿದೆಯೇ?
— ಹರಿಹರ ತಾಲ್ಲೂಕಿನ ರೈತರು

ಹೆಚ್ಚಿನವರು ಎಡವುವುದು ಇಲ್ಲೇ. ಪರಿಸರ ವ್ಯಾಜ್ಯಗಳಿಗೆಂದೇ ಇರುವ ಈ ನ್ಯಾಯಮಂಡಳಿಗೆ ಹೋಗಲು ಕಾಲಮಿತಿ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, 2010ರ 14ನೇ ಸೆಕ್ಷನ್ ಪ್ರಕಾರ, ವ್ಯಾಜ್ಯಕ್ಕೆ ಕಾರಣವಾದ ಸಂಗತಿ ಮೊದಲು ನಡೆದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ ಸಿಗುತ್ತದೆ, ಅಷ್ಟೇ. ತಹಶೀಲ್ದಾರರಿಗೆ ಮನವಿ ಕೊಟ್ಟು ಕಾದ ಕಾಲ ಈ ಲೆಕ್ಕದಿಂದ ಕಳೆಯುವುದಿಲ್ಲ. ಆದರೆ ಬೆಳೆನಷ್ಟದ ಪರಿಹಾರ, ಹಾಳಾದ ಹಳ್ಳದ ಪುನರುಜ್ಜೀವನ ಕೇಳಲು 15ನೇ ಸೆಕ್ಷನ್ ಐದು ವರ್ಷ ಕೊಡುತ್ತದೆ. ನಿಮ್ಮ ಅರ್ಜಿಯನ್ನು ಇದರಡಿಯೇ ರೂಪಿಸಿ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಕೇಳಿದರೆ ಆ ಮೊತ್ತದ ಶೇ 1. ಹಾಗಾಗಿ ಸಿಟ್ಟಿನಲ್ಲಿ ಕೋಟಿಗಟ್ಟಲೆ ಬರೆದುಬಿಡಬೇಡಿ. ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ. ವಕೀಲರಿಲ್ಲದೆ ನೀವೇ ವಾದಿಸಲೂ ಅವಕಾಶವಿದೆ.

ಸಾಕ್ಷ್ಯದ ವಿಷಯ. ಬಾಟಲಿಯಲ್ಲಿ ನೀವೇ ತುಂಬಿಕೊಂಡು ಹೋದ ನೀರು ಪತ್ರಿಕೆಯ ಫೋಟೊಗೆ ಚೆನ್ನ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹೂಡುವ ಮೊಕದ್ದಮೆಗೆ ಅದರಿಂದ ಉಪಯೋಗವಿಲ್ಲ. ಜಲ ಕಾಯ್ದೆ, 1974ರ 21ನೇ ಸೆಕ್ಷನ್ನಿನಂತೆ ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು ಮಾದರಿ ತೆಗೆಯಬೇಕು, ಎರಡು ಪಾಲು ಮಾಡಿಸಬೇಕೆಂದು ಅವರು ಕೇಳಿದರೆ ಮಾಡಬೇಕು, ಡಬ್ಬಿಗೆ ಮೊಹರು ಹಾಕಿ ಸಹಿ ಮಾಡಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಪ್ರಯೋಗಾಲಯದ ವರದಿ ಬಿದ್ದುಹೋಗುತ್ತದೆ. ಆದ್ದರಿಂದ ‘ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆಯದೆ, ‘21ನೇ ಸೆಕ್ಷನ್ ಪ್ರಕಾರ ಮಾದರಿ ತೆಗೆಯಿರಿ’ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಜೊತೆಗೆ ಕಾರ್ಖಾನೆಗೆ ಮಂಡಳಿ ಕೊಟ್ಟಿರುವ ಸಮ್ಮತಿ ಪತ್ರದ ಪ್ರತಿಯನ್ನು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ತರಿಸಿಕೊಳ್ಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ. ಎಷ್ಟು ನೀರು ಬಿಡಬಹುದು, ಎಲ್ಲಿಗೆ ಬಿಡಬಹುದು ಎಂಬ ಷರತ್ತುಗಳು ಆ ಪತ್ರದಲ್ಲೇ ಇರುತ್ತವೆ. ಅರ್ಧ ಕೇಸು ಅಲ್ಲಿಯೇ ಇದೆ ಎನ್ನಿ.

ಹಳ್ಳದ ಪಕ್ಕ ಅಭಯಾರಣ್ಯವಿದ್ದರೆ ಇನ್ನೊಂದು ಎಚ್ಚರಿಕೆ: ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ನ್ಯಾಯಮಂಡಳಿಯ ಅನುಸೂಚಿಯಲ್ಲಿ, ಅಂದರೆ ಅದು ವಿಚಾರಿಸಬಹುದಾದ ಕಾಯ್ದೆಗಳ ಪಟ್ಟಿಯಲ್ಲಿ, ಇಲ್ಲ. ಅದರ ಉಲ್ಲಂಘನೆಯನ್ನೇ ಮುಖ್ಯ ವಾದವಾಗಿ ಮಾಡಿಕೊಂಡರೆ ಹೈಕೋರ್ಟಿಗೇ ಹೋಗಬೇಕು.

ಪ್ರಶ್ನೆ: ನಮ್ಮ ಶಾಸಕರು ಸ್ವತಃ ವಕೀಲರು. ‘ವಿಷಯ ಕೋರ್ಟಿನಲ್ಲಿದೆ, ಸದನದಲ್ಲಿ ಎತ್ತಲಾಗದು’ ಎನ್ನುತ್ತಾರೆ. ನೆಪವೇ?
— ದಾವಣಗೆರೆಯ ಶಿಕ್ಷಕಿ

ಅರ್ಧ ನಿಜ, ಅರ್ಧ ನೆಪ. ನ್ಯಾಯಾಲಯದ ಪರಿಶೀಲನೆಯಲ್ಲಿರುವ ವಿಷಯದ ಬಗ್ಗೆ ಪ್ರಶ್ನೆ ಕೇಳುವುದನ್ನು ಸದನದ ನಿಯಮಾವಳಿ ತಡೆಯುತ್ತದೆ. ಆದರೆ ತಡೆ ಇರುವುದು ಆ ವ್ಯಾಜ್ಯಕ್ಕೆ ಮಾತ್ರ. ಜಿಲ್ಲೆಯಲ್ಲಿ ಮಂಡಳಿ ಕಳೆದ ವರ್ಷ ಎಷ್ಟು ತಪಾಸಣೆ ಮಾಡಿದೆ, ಎಷ್ಟು ಕಾರ್ಖಾನೆಗಳ ಸಮ್ಮತಿಯ ಅವಧಿ ಮುಗಿದಿದೆ, ಎಷ್ಟು ಹುದ್ದೆ ಖಾಲಿ ಇವೆ ಎಂದು ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ) ಪ್ರಶ್ನೆ ಕೇಳಲು ಅಡ್ಡಿಯೇನು? ಸಚಿವರು ‘ಕ್ರಮ ವಹಿಸಲಾಗುವುದು’ ಎಂದರೆ ಅದು, ಸಚಿವರು ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಸದನದ ಭರವಸೆಗಳ ಸಮಿತಿಯ ಕಡತಕ್ಕೆ ಹೋಗುತ್ತದೆ. ಅಲ್ಲಿ ಬೆನ್ನು ಹತ್ತಬಹುದು. ಹಾಗಾಗಿ ಮೊದಲು ಸದನದಲ್ಲಿ ಉತ್ತರ ಪಡೆದು, ಆ ಉತ್ತರವನ್ನೇ ಅರ್ಜಿಯ ಜೊತೆ ಲಗತ್ತಿಸುವುದು ಜಾಣತನ. ಆರು ತಿಂಗಳ ಗಡಿ ಹತ್ತಿರವಾಗಿದ್ದರೆ ಮಾತ್ರ ಕೋರ್ಟು ಮೊದಲು.

ಕಾನೂನೇ ಬದಲಾಗಬೇಕಾದ ಕಡೆ ಕೋರ್ಟು ನಂಬಿ ಕೂರುವಂತಿಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡುವ ಜಾಗ) ಇರಬೇಕೆಂದು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಹೇಳಿತು. ನಗರದ ಮಾಸ್ಟರ್ ಪ್ಲಾನನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಆ ಭಾಗವನ್ನು ರದ್ದು ಮಾಡಿತು. ಅಂಥ ಕಡೆ ಖಾಸಗಿ ಸದಸ್ಯರ (ಸಚಿವರಲ್ಲದ ಶಾಸಕರು ಮಂಡಿಸುವ) ವಿಧೇಯಕವನ್ನಾದರೂ ತನ್ನಿ ಎಂದು ನಿಮ್ಮ ಶಾಸಕರನ್ನು ಕೇಳಿ. ಅದು ಅಂಗೀಕಾರವಾಗುವುದು ಅಪರೂಪ, ಆದರೆ ಚರ್ಚೆಗೆ ಬಂದರೆ ಸರ್ಕಾರ ತನ್ನ ನಿಲುವನ್ನು ಕಡತದಲ್ಲಿ ಹೇಳಬೇಕಾಗುತ್ತದೆ.

ಪ್ರಶ್ನೆ: ಪಿಯುಸಿ ಮುಗಿಸಿದ್ದೇನೆ. ಪರಿಸರ ವಕೀಲೆಯಾಗಿ ಮುಂದೆ ಚುನಾವಣೆಗೂ ನಿಲ್ಲಬೇಕೆಂಬ ಆಸೆ. ದಾರಿ ಯಾವುದು?
— ಶಿರಸಿಯ ವಿದ್ಯಾರ್ಥಿನಿ

ಐದು ವರ್ಷದ ಕಾನೂನು ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ವಿಧಾನಸಭೆಗೆ 25 ವರ್ಷ ತುಂಬಿರಬೇಕು, ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ನಡುವಿನ ವರ್ಷಗಳಲ್ಲಿ ಪರಿಸರ ಪರಿಣಾಮ ವರದಿ (ಒಂದು ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಹೇಳುವ ವರದಿ) ಓದುವುದನ್ನು ಕಲಿಯಿರಿ. ಯೋಜನೆಗಳ ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮೊದಲು ನೋಟಿಸ್ ಬರುತ್ತದೆ, ವರದಿಯ ಸಾರಾಂಶ ಕನ್ನಡದಲ್ಲೂ ಸಿಗುತ್ತದೆ. ಸಾರಾಂಶದಲ್ಲಿ ಇಲ್ಲದ್ದು ಮೂಲ ವರದಿಯ ಅನುಬಂಧಗಳಲ್ಲಿ ಇರುತ್ತದೆ, ಅಲ್ಲಿಂದ ಓದಲು ಶುರು ಮಾಡಿ.