ಹಬ್ಬಕ್ಕೆ ಮನೆ ತುಂಬ ಜನ, ಒಳಗಿನ ಕೋಣೆಯಲ್ಲಿ ಅಮ್ಮ

ಮರೆವಿನ ಕಾಯಿಲೆ ಇರುವ ಮಾವನವರನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೀರಿ. ಹಬ್ಬದ ರಜೆಗೆ ನೆಂಟರೆಲ್ಲ ಬರುತ್ತಾರೆ ಅಂದ ಕೂಡಲೇ ಎದೆ ಡವಗುಟ್ಟುತ್ತದೆ, ಮಾವನ ಮೇಲೂ ಸಿಟ್ಟು ಬರುತ್ತದೆ, ನಾನು ಕೆಟ್ಟವಳಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಆರೈಕೆ ಮಾಡುವವರ ಹೊರೆ ಎಷ್ಟಿದೆ ಅಂತ ತಿಳಿಯಲು ಜರಿಟ್ ಅಂತ 22 ಪ್ರಶ್ನೆಗಳ ಒಂದು ಪಟ್ಟಿ ಇದೆ. ನೀವು ನೋಡಿಕೊಳ್ಳುವವರ ಹತ್ತಿರ ಇರುವಾಗ ಸಿಟ್ಟು ಬರುತ್ತದಾ ಅನ್ನುವುದೂ ಅದರಲ್ಲಿ ಒಂದು ಪ್ರಶ್ನೆ. ಅದನ್ನು ಓದಿದ ದಿನ ನಾನು ಅತ್ತುಬಿಟ್ಟೆ. ನನ್ನೊಬ್ಬಳಿಗೇ ಹೀಗಾಗುವುದಲ್ಲ ಅಂತ ಗೊತ್ತಾಯಿತು.

ನನ್ನ ಅಮ್ಮನಿಗೂ ಇದೇ ಕಾಯಿಲೆ. ಮೊದಲ ವರ್ಷ ಹಬ್ಬ ಎಂದಿನಂತೆಯೇ ನಡೆಯಬೇಕು ಅಂತ ಹಟ ಹಿಡಿದೆ. ಬಂದವರೆಲ್ಲ ಒಬ್ಬೊಬ್ಬರಾಗಿ ಅಮ್ಮನ ಮುಂದೆ ಬಗ್ಗಿ, "ನಾನು ಯಾರು ಹೇಳು ನೋಡೋಣ" ಅಂದರು. ಪ್ರೀತಿಯಿಂದಲೇ ಕೇಳಿದ್ದು. ಅಮ್ಮ ಪ್ರತಿ ಸಲವೂ ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದಳು. ಹೊದಿಕೆಯ ಅಂಚನ್ನು ಸುರುಳಿ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಸಂಜೆ ಹೊತ್ತಿಗೆ "ನನ್ನನ್ನು ಮನೆಗೆ ಕರೆದುಕೊಂಡು ಹೋಗು" ಅಂತ ಶುರುವಾಯಿತು. ರಾತ್ರಿ ಎರಡು ಗಂಟೆಯಾದರೂ ಮಲಗಲಿಲ್ಲ. ನಾನು ಜೋರಾಗಿ ಗದರಿಬಿಟ್ಟೆ. ಆ ಗದರಿಕೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರುವರ್ಷ ಬರುವವರಿಗೆಲ್ಲ ಒಂದು ವಾರ ಮೊದಲೇ ಫೋನ್ ಮಾಡಿದೆ. ಬೆಳಿಗ್ಗೆ 10ರಿಂದ 12ರೊಳಗೆ ಬನ್ನಿ, ಒಳಗೆ ಒಮ್ಮೆಗೆ ಇಬ್ಬರೇ ಹೋಗಿ, ಮೊದಲು ನಿಮ್ಮ ಹೆಸರು ನೀವೇ ಹೇಳಿ ಅಂದೆ. ಈ ಕಾಯಿಲೆಯಲ್ಲಿ ತುಂಬ ಜನರಿಗೆ ಸಂಜೆಯಾಗುತ್ತಿದ್ದಂತೆ ಗಲಿಬಿಲಿ ಜಾಸ್ತಿಯಾಗುತ್ತದೆ. ಗದ್ದಲ ಸೇರಿದರೆ ಇನ್ನೂ ಕಷ್ಟ. ಹಾಗಾಗಿ ನಾಲ್ಕು ಗಂಟೆಯ ಮೇಲೆ ಟಿವಿ ಆರಿಸಿ, ಕತ್ತಲಾಗುವ ಮೊದಲೇ ಅವಳ ಕೋಣೆಯ ದೀಪ ಹಾಕಿಟ್ಟೆ. ಒಬ್ಬಿಬ್ಬರು ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ, ರಾತ್ರಿ ಎದ್ದು ಕೂರುವವರು ನಾವು ಅಲ್ವಾ?

ಇನ್ನು ಸಹಾಯದ ಮಾತು. "ಏನಾದ್ರೂ ಬೇಕಿದ್ರೆ ಹೇಳು" ಅಂತ ಎಲ್ಲರೂ ಹೇಳುತ್ತಾರೆ, ನಾವು ಸುಮ್ನೆ ತಲೆ ಆಡಿಸುತ್ತೇವೆ. ಹಾಗೆ ಮಾಡಬೇಡಿ. ದಿನ, ಗಂಟೆ, ಕೆಲಸ ಮೂರನ್ನೂ ಹೇಳಿಯೇ ಕೇಳಿ. ನಾನು ತಮ್ಮನಿಗೆ, "ಭಾನುವಾರ 9ರಿಂದ 1ರವರೆಗೆ ಅಮ್ಮನ ಹತ್ತಿರ ನೀನಿರು" ಅಂದೆ. ಅವನಿಗೆ ಭಯ ಇತ್ತು. ಹಿಂದಿನ ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಮ್ಮೆ ತೋರಿಸಿದೆ. ನೆಟ್ಟಗೆ ಕೂರಿಸುವುದು, ಒಂದು ಗುಟುಕು ನೀರು, ಆಮೇಲೆ ಮಾತ್ರೆ, ನುಂಗಿದಳಾ ಅಂತ ನೋಡುವುದು. ಹೊತ್ತುಹೊತ್ತಿನ ಮಾತ್ರೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಆ ನಾಲ್ಕು ಗಂಟೆ ನಾನು ಎಲ್ಲಿಗೂ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದೆ.

ರಜೆಗೆ ಮೊದಲೇ ಹತ್ತು ದಿನದ ಔಷಧಿ ತಂದಿಟ್ಟುಕೊಳ್ಳಿ, ರಜೆಯಲ್ಲಿ ಯಾವ ವೈದ್ಯರು ಸಿಗುತ್ತಾರೆ ಅಂತ ಕೇಳಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗಾಗಿಯೇ ಐಸಪೋರ್ಟ್ (iSupport) ಅಂತ ಆನ್‌ಲೈನ್ ತರಬೇತಿ ಮಾಡಿದೆ, ಬಿಡುವಾದಾಗ ನೋಡಿ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದೆ ಅಳುವೇ ಬರುತ್ತಿದ್ದರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ, ನಿಮಗೋಸ್ಕರ ವೈದ್ಯರ ಹತ್ತಿರ ಹೋಗಿ.

ಮೊದಲ ಫೋನ್ ಯಾರಿಗೆ ಮಾಡಬೇಕು ಅಂತ ಇವತ್ತೇ ಯೋಚಿಸಿ. ಹೇಗೆ ಹೇಳುವುದು ಅಂತ ತೋಚದಿದ್ದರೆ ಇಲ್ಲೇ ಕೇಳಿ, ನಾನು ಹೇಳಿದ ಮಾತನ್ನೇ ಬರೆದುಕೊಡುತ್ತೇನೆ.