ರೋಲ್‌ಪ್ಲೇ ಸರ್ವರ್‌ನಲ್ಲಿ ಮೂರನೇ ಸಲ ಸಿಕ್ಕಿಬಿದ್ದ ಕಳ್ಳನಿಗೆ ಕೈ ಕಡಿಯೋದಾ, ಹದಿನೈದು ದಿನ ಜೈಲಾ?

ಎರಡೂ ಬೇಡ್ರಿ. ಅದರಲ್ಲೂ ಆ ಹದಿನೈದು ದಿನದ ಜೈಲಂತೂ ಬೇಡವೇ ಬೇಡ.

ಪಾತ್ರಗಳಾಗಿ ಬರೆಯುತ್ತ ಆಡುವ ಇಪ್ಪತ್ತೈದು ಜನರ ಡಿಸ್ಕಾರ್ಡ್ (ಚಾಟ್ ಆ್ಯಪ್) ಸರ್ವರ್, ಮೂರನೇ ಸಲ ಸಿಕ್ಕಿಬಿದ್ದ ಒಬ್ಬ ಕಳ್ಳ, ಅರ್ಧ ಮಾಡರೇಟರ್‌ಗಳು (ಸರ್ವರ್ ನೋಡಿಕೊಳ್ಳುವವರು) ಕೈ ಕಡೀರಿ ಅನ್ನೋದು, ಇನ್ನರ್ಧ ಒಳಗ ಹಾಕ್ರಿ ಅನ್ನೋದು. ನೀವು ಬರೆದದ್ದನ್ನು ಓದುವಾಗ ನಮ್ಮ ಮಸಿಕೋಟೆಯ ಹಳೇ ಜಗಳವೇ ಕಣ್ಣಮುಂದೆ ಬಂತು. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಸುಮಾರು ಮೂವತ್ತು ಜನ ಸೇರಿ ಕನ್ನಡದಲ್ಲಿ ಬರೆದು ಆಡುತ್ತಿದ್ದ ಊರು ಅದು. ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ಕತ್ತಲಲ್ಲಿ ಏನೋ ಒಂದು ತಿರುಗುತ್ತದೆ, ದೀಪ ಉರಿಯುವ ಮನೆಗೆ ಮಾತ್ರ ಕಾಲಿಡುವುದಿಲ್ಲ. ಹಾಗಾಗಿ ದೀಪದೆಣ್ಣೆ ಕದಿಯುವುದು ಅಲ್ಲಿ ಕೊಲೆಗಿಂತ ದೊಡ್ಡ ಅಪರಾಧ. ಕೊಲೆ ಮಾಡಿದವನು ದಂಡ ಕಟ್ಟಿ ಹೊರಗೆ ಬರಬಹುದು, ಎಣ್ಣೆ ಕದ್ದವನು ಬರುವ ಹಾಗಿಲ್ಲ. ಇದೊಂದು ವಿಷಯದಲ್ಲಿ ನಾವು ಸರಿ ಇದ್ದೆವು. ನಿಮ್ಮ ಪಟ್ಟಿಯಲ್ಲಿ ಕೊಲೆ, ಕಳ್ಳತನ, ದರೋಡೆ ಅಂತ ಠಾಣೆಯ ಗೋಡೆ ಮೇಲಿನ ಬೋರ್ಡಿನ ಹಾಗೆ ಬರೆದಿದ್ದೀರಿ. ನಿಮ್ಮ ಊರಿನವರಿಗೆ ಯಾವುದರ ಭಯ, ಯಾವುದರ ಕೊರತೆ ಅಂತ ಮೊದಲು ನೋಡಿ, ಅಲ್ಲಿಂದ ಕಾನೂನು ಬರೀರಿ.

ನಮ್ಮಲ್ಲಿ ಬೂದಿಸಿದ್ದ ಅಂತ ಒಂದು ಪಾತ್ರ. ಉಗ್ರಾಣದಿಂದ ಏಳು ಕೊಡ ಎಣ್ಣೆ ಎತ್ತಿ ಸಿಕ್ಕಿಬಿದ್ದ. ಕಾನೂನು ಬರೆದವನು ನಾನೇ: ಎಣ್ಣೆ ಕದ್ದರೆ ಸೆರೆಮನೆ ಚಾನೆಲ್‌ನಲ್ಲಿ (ಸರ್ವರ್‌ನೊಳಗಿನ ಒಂದು ಬೇರೆ ಕೋಣೆ) ಹತ್ತು ದಿನ. ಆಟದ ದಿನ ಅಲ್ಲ, ನಮ್ಮ ನಿಮ್ಮ ಕ್ಯಾಲೆಂಡರಿನ ಹತ್ತು ದಿನ. ನಮ್ಮ ಲೆಕ್ಕದಲ್ಲಿ ಹೊರಗಿನ ಒಂದು ದಿನಕ್ಕೆ ಆಟದಲ್ಲಿ ಒಂದು ವಾರ. ಅಂದರೆ ಬೂದಿಸಿದ್ದನಿಗೆ ಎಪ್ಪತ್ತು ದಿನ. ಕಥೆಯ ಒಳಗಿಂದ ನೋಡಿದರೆ ಕರುಣೆಯ ಶಿಕ್ಷೆ. ನಾನು ಒಳಗಿಂದಷ್ಟೇ ನೋಡಿದೆ, ತಪ್ಪಾಗಿದ್ದು ಅಲ್ಲಿ.

ಅದು ಯಾಕೆ ತಪ್ಪು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದೇ ಗುಂಡಿಯ ಅಂಚಿನಲ್ಲಿದ್ದೀರಿ. ಬೂದಿಸಿದ್ದನನ್ನು ಆಡುತ್ತಿದ್ದ ಹುಡುಗ ದಿನಾ ರಾತ್ರಿ ಒಂಬತ್ತೂವರೆಗೆ ಬಂದು ಹನ್ನೆರಡರ ತನಕ ಬರೀತಿದ್ದ. ಹತ್ತು ದಿನ ಅಂದರೆ ಅವನಿಗೆ ಇಪ್ಪತ್ತೈದು ತಾಸು. ಅವನಿಗಿಂತ ಮೊದಲು ಇದೇ ಅಪರಾಧಕ್ಕೆ ಒಳಗೆ ಹೋದವನೊಬ್ಬ ಭಾನುವಾರ ಮಾತ್ರ ಆಡುವವನು. ಅವನು ಕಳೆದುಕೊಂಡದ್ದು ಒಂದು ಭಾನುವಾರ, ಎರಡೂವರೆ ತಾಸು. ಅದೇ ಅಪರಾಧ, ಅದೇ ಕಲಮು, ಶಿಕ್ಷೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಅದೂ ಊರಿಗಾಗಿ ಹೆಚ್ಚು ಬರೆಯುವವನಿಗೇ ಹೆಚ್ಚು ಪೆಟ್ಟು. ಕ್ಯಾಲೆಂಡರ್ ಹಿಡಿದು ಶಿಕ್ಷೆ ಎಣಿಸಿದರೆ ದಂಡ ಕಟ್ಟುವವನು ಪಾತ್ರ ಅಲ್ಲ, ಕೀಬೋರ್ಡಿನ ಮುಂದೆ ಕೂತವನು.

ಇನ್ನು ಸೆರೆಮನೆಯ ಒಳಗೆ ಏನಾಗುತ್ತದೆ ನೋಡ್ರಿ. ಬರಹದ ರೋಲ್‌ಪ್ಲೇಯಲ್ಲಿ ಒಂದು ಪ್ಯಾರಾ ಬರೆಯಲು ಐದಾರು ನಿಮಿಷ ಬೇಕು, ಮೂರು ಜನರ ಒಂದು ದೃಶ್ಯ ಮುಗಿಯಲು ಎರಡು ತಾಸು. ಕಾವಲುಗಾರನ ಪಾತ್ರದವರು ತಮ್ಮ ರಾತ್ರಿಯನ್ನು ಜೈಲಿನಲ್ಲಿ ಯಾಕೆ ಕಳೀತಾರೆ? ಹೊರಗೆ ಸಂತೆ ನಡೆದಿರುತ್ತದೆ. ಮೊದಲ ರಾತ್ರಿ ಬೂದಿಸಿದ್ದ ನಾಲ್ಕು ಪ್ಯಾರಾ ಬರೆದಿದ್ದ: ಒದ್ದೆ ಗೋಡೆ, ಮುರಿದ ಗಡಿಗೆ, ಪಕ್ಕದ ಕೋಣೆಯ ಗೋಡೆಗೆ ಕಿವಿಯಿಟ್ಟು "ಯಾರರ ಅದೀರೇನು?" ಅಂತ ಒಂದು ಕೂಗು. ಯಾರೂ ಉತ್ತರಿಸಲಿಲ್ಲ. ಎರಡನೇ ರಾತ್ರಿ ಎರಡು ಸಾಲು. ಮೂರನೇ ರಾತ್ರಿ ಒಂದು ಚುಕ್ಕೆ. ಬರೀ ಪೂರ್ಣವಿರಾಮ. ಇದನ್ನೆಲ್ಲ ನಾನು ನೋಡಿದ್ದು ಆಮೇಲೆ, ಅವನು ಹೋದ ಮೇಲೆ.

ಐದನೇ ದಿನ ಇನ್ನೊಂದು ಖಾತೆ ತೆಗೆದು ಹೊಸ ಪಾತ್ರವಾಗಿ ಬಂದ. ಬರೆಯುವ ಧಾಟಿಯಿಂದಲೇ ಗೊತ್ತಾಯಿತು. ನಾನು ಬ್ಯಾನ್ ಮಾಡಿದೆ, ನಿಯಮ ನಿಯಮವೇ ಅಂತ. ಅವನ ಜೊತೆ ಬರೆಯುತ್ತಿದ್ದ ಇಬ್ಬರು ಬರೋದು ಬಿಟ್ಟರು. ಎಣ್ಣೆ ಕಳೆದುಕೊಂಡ ವ್ಯಾಪಾರಿಯ ಪಾತ್ರ ಆಡುತ್ತಿದ್ದ ಅಕ್ಕ, ಅಂದರೆ ನಾನು ನ್ಯಾಯ ಕೊಡಿಸಿದ್ದೇನೆ ಅಂದುಕೊಂಡಿದ್ದ ಫಿರ್ಯಾದಿ, ನನಗೆ ಮೆಸೇಜ್ ಹಾಕಿದರು: "ಕಳ್ಳನ್ನ ತಗದ ಮ್ಯಾಲೆ ನನ್ನ ಅಂಗಡಿ ಕಥಿ ಏನ ಉಳೀತ್ರಿ? ಅವನ ಜೋಡಿ ನನ್ನೂ ಒಳಗ ಹಾಕಿದ್ರಿ."

ಈಗ ನಾವು ಶಿಕ್ಷೆಯನ್ನು ದೃಶ್ಯಗಳಲ್ಲಿ ಎಣಿಸ್ತೀವಿ. ಎಣ್ಣೆ ಕಳ್ಳತನಕ್ಕೆ ಮೂರು ದೃಶ್ಯದ ಸೆರೆ. ಒಂದು ದೃಶ್ಯ ಅಂದರೆ ಕೈದಿ ಮತ್ತು ಇನ್ನೊಬ್ಬರು ತಲಾ ಕನಿಷ್ಠ ಆರು ಪ್ಯಾರಾ. ಮೂರರಲ್ಲಿ ಒಂದಕ್ಕೆ ಹೊರಗಿನವರು ಭೇಟಿಗೆ ಬರಬೇಕು, ಇನ್ನೊಂದರಲ್ಲಿ ಯಾರಾದರೂ ಅವನ ಮುಂದೆ ಒಂದು ಸೌದಾ ಇಡಬೇಕು: ಹೆಸರು ಹೇಳಿದರೆ ಬಿಡ್ತೀವಿ, ಗಣಿಗೆ ಇಳಿದರೆ ಬಿಡ್ತೀವಿ, ಹಿಂಗೇನಾದರೂ. ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು: ಕೈದಿ ಕರೆದು 48 ತಾಸಿನೊಳಗೆ ಯಾರೂ ಬರದಿದ್ದರೆ ಆ ದೃಶ್ಯ ಮುಗಿದಂತೆ ಲೆಕ್ಕ. ಕೈದಿಯನ್ನು ಕೂಡಿಹಾಕುವ ಅಧಿಕಾರ ಬೇಕಿದ್ದರೆ ಅವನೊಂದಿಗೆ ಕೂತು ಬರೆಯುವ ಕೆಲಸವೂ ಊರಿನದೇ.

ಶಿಕ್ಷೆ ಎಷ್ಟು ಕ್ರೂರವಾಗಿದ್ದರೆ ಕಳ್ಳರು ಹೆದರ್ತಾರೆ ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಅಡ್ಡದಾರಿ. ನಿಮಗೆ ಕಳ್ಳರು ಬೇಕು. ಕಳ್ಳನಿಲ್ಲದ ಕತ್ತಲೆಯ ಊರು ಬರೀ ಕರೆಂಟು ಹೋದ ಊರು. ದೊಡ್ಡ ಆಟಗಳೂ ಕ್ರೌರ್ಯದಿಂದ ಇದನ್ನು ಗೆದ್ದಿಲ್ಲ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಐದು ಕೊಲೆ ಮಾಡಿದವನ ಹೆಸರು ಕೆಂಪಾಗುತ್ತಿತ್ತು, ಪಟ್ಟಣದೊಳಗೆ ಯಾರಾದರೂ ಕೂಗಿದರೆ ಕಾವಲುಗಾರರು ಬಂದು ಒಂದೇ ಏಟಿಗೆ ಕೊಲ್ಲುತ್ತಿದ್ದರು. ಕೊಲೆಗಳು ಪಟ್ಟಣದ ಹೊರಗೆ ನಡೆದವು, ಅಷ್ಟೇ. ಕೊನೆಗೆ 2000ದಲ್ಲಿ ಜಗತ್ತನ್ನೇ ಎರಡು ಮಾಡಿ, ಒಪ್ಪಿಗೆ ಇಲ್ಲದೆ ಕೊಲ್ಲಲಾಗದ ಅರ್ಧವೊಂದನ್ನು ಕೊಟ್ಟರು. 2003ರ ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶ ಹಡಗುಗಳ ಆಟದಲ್ಲಿ ಇನ್ನೂ ಸ್ವಾರಸ್ಯ. ಸುರಕ್ಷಿತ ಪ್ರದೇಶದಲ್ಲಿ ಕಾರಣವಿಲ್ಲದೆ ಗುಂಡು ಹಾರಿಸಿದರೆ ಕಾನ್‌ಕಾರ್ಡ್ ಪೊಲೀಸರು ಬಂದೇ ಬರ್ತಾರೆ, ನಿಮ್ಮ ಹಡಗು ಹೋಗೇ ಹೋಗುತ್ತದೆ. ಆದರೆ ಅವರು ಕಾಪಾಡಲು ಬರುವವರಲ್ಲ, ದಂಡಿಸಲು ಬರುವವರು. ದರೋಡೆಕೋರರು ಅಗ್ಗದ ಹಡಗಿನ ಬೆಲೆಯನ್ನು ಮೊದಲೇ ಖರ್ಚಿಗೆ ಬರೆದುಕೊಂಡು, ಕೋಟಿಗಟ್ಟಲೆ ಸರಕಿನ ಹಡಗು ಒಡೀತಾರೆ. ಮೊದಲೇ ಗೊತ್ತಿರುವ, ತಪ್ಪದೇ ಬರುವ ದಂಡ ಕೊನೆಗೆ ಬಾಡಿಗೆಯಂತಾಗಿಬಿಡುತ್ತದೆ. ಅದಕ್ಕೇ ನಿಮ್ಮ "ಮೊದಲ ಕಳ್ಳತನಕ್ಕೆ 50 ನಾಣ್ಯ, ಎರಡನೆಯದಕ್ಕೆ 200" ಅನ್ನುವ ಪಟ್ಟಿ ಕೆಲಸ ಮಾಡಿಲ್ಲ. ಅವನು ಬಾಡಿಗೆ ಕಟ್ಟಿಕೊಂಡು ಕದೀತಿದ್ದಾನೆ.

ನಿಮ್ಮ ನಿಜವಾದ ತೊಂದರೆ ಸಾಕ್ಷ್ಯದ್ದು. ಆ ಮೂರೂ ಸಲ ಅವನನ್ನು ಹಿಡಿದದ್ದು ಹೇಗೆ? ನೀವೇ ಬರೆದ ಹಾಗೆ, ಯಾರೋ ಚಾನೆಲ್ ಲಾಗ್ (ಹಳೇ ಬರಹಗಳ ದಾಖಲೆ) ಓದಿ. ಅದು ಪಾತ್ರಕ್ಕೆ ಗೊತ್ತಾದದ್ದಲ್ಲ, ಆಟಗಾರನಿಗೆ ಗೊತ್ತಾದದ್ದು. ಅಂಥ ಸಾಕ್ಷ್ಯ ಒಪ್ಪಿದ ದಿನವೇ ಆಟದಲ್ಲಿ ಕಳ್ಳತನ ಸತ್ತುಹೋಗುತ್ತದೆ. ಆರ್ಕೀಜ್ ಅನ್ನುವ ಕೊರಿಯಾದ ಆಟ ಇದಕ್ಕೆ ಒಳ್ಳೆಯ ದಾರಿ ತೋರಿಸಿತ್ತು: ಕದ್ದರೆ ನೆಲದ ಮೇಲೆ ಹೆಜ್ಜೆಗುರುತು, ಹೊಡೆದರೆ ರಕ್ತದ ಕಲೆ. ಯಾರಾದರೂ ಅದನ್ನು ಕಂಡು ದೂರು ಕೊಟ್ಟರೆ ಮಾತ್ರ ಅಪರಾಧ ಲೆಕ್ಕಕ್ಕೆ. ತೀರ್ಪು ಕೊಡೋದು ಬೇರೆ ಆಟಗಾರರ ಪಂಚರು.

ನಾವು ಅದನ್ನು ದಾಳಕ್ಕೆ ಇಳಿಸಿದೆವು. ಕದಿಯುವವನು ಇಪ್ಪತ್ತು ಮುಖದ ದಾಳ ಹಾಕ್ತಾನೆ. 15 ಅಥವಾ ಮೇಲೆ ಬಿದ್ದರೆ ಒಂದು ಕುರುಹು, 8ರಿಂದ 14 ಆದರೆ ಎರಡು, 7 ಅಥವಾ ಕೆಳಗೆ ಮೂರು. ಕುರುಹನ್ನು ಕಳ್ಳನೇ ಬರೆದು ಆ ಜಾಗದ ಚಾನೆಲ್‌ನಲ್ಲಿ ಪಿನ್ ಮಾಡಬೇಕು, ಹೆಸರು ಇಲ್ಲದೆ: "ಹೊಸ್ತಿಲ ಮೇಲೆ ಎಡಗಾಲಿನ ಎಣ್ಣೆಗುರುತು, ಕಿರುಬೆರಳಿಲ್ಲ." ತಳವಾರನಿಗೆ 72 ತಾಸು. ಅಷ್ಟರಲ್ಲಿ ಅಲ್ಲಿಗೆ ಹೋಗಿ ದೃಶ್ಯ ಬರೆದು ಕುರುಹು ಓದಿದರೆ ಸೈ, ಇಲ್ಲದಿದ್ದರೆ ಕಳ್ಳ ಗೆದ್ದ. ಸೊನ್ನೆ ಕುರುಹು ಮಾತ್ರ ಯಾವತ್ತೂ ಇಡಬೇಡಿ. ಒಂದಾದರೂ ಇದ್ದರೆ ಕಳ್ಳನಿಗೂ ಎದೆ ಬಡೀತಿರುತ್ತದೆ, ಮಜಾ ಅದೇ.

ವಿಚಾರಣೆಗೆ ಹೊರಗಿನಿಂದ ಏನೂ ತರುವ ಅಗತ್ಯ ಬೀಳಲಿಲ್ಲ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರ ಅನ್ನುವ ಕಾನೂನು ಗ್ರಂಥದಲ್ಲಿ ಎಲ್ಲ ಇದೆ. ವ್ಯವಹಾರಕ್ಕೆ, ಅಂದರೆ ಮೊಕದ್ದಮೆಗೆ, ನಾಲ್ಕು ಕಾಲು: ದೂರು, ಉತ್ತರ, ಪ್ರಮಾಣ (ಪುರಾವೆ), ನಿರ್ಣಯ. ನಾವು ಒಂದೊಂದು ಕಾಲಿಗೆ ಒಂದೊಂದು ದಿನ ಕೊಟ್ಟೆವು. ನಾಲ್ಕು ದಿನದಲ್ಲಿ ಮುಗಿಯದಿದ್ದರೆ ಮೊಕದ್ದಮೆ ವಜಾ. (ಇಲ್ಲಿ ಕ್ಯಾಲೆಂಡರ್ ಸರಿ, ಯಾಕಂದ್ರೆ ಗಡುವು ನ್ಯಾಯಾಧೀಶರ ಕುತ್ತಿಗೆಗೆ.) ಆರೋಪಿಯ ಉತ್ತರವೂ ನಾಲ್ಕು ಬಗೆ: ಹೌದು ಮಾಡಿದೆ; ಇಲ್ಲ, ಸುಳ್ಳು; ಮಾಡಿದ್ದು ಹೌದು, ಆದರೆ ಕಾರಣ ಬೇರೆ; ಇದೇ ವಿಷಯಕ್ಕೆ ಹಿಂದೆಯೇ ತೀರ್ಪಾಗಿದೆ. ವಿಚಾರಣೆಯಲ್ಲಿ ಏನು ಬರೀಬೇಕು ಅಂತ ತಡವರಿಸುವ ಹೊಸಬರಿಗೆ ಈ ನಾಲ್ಕು ಸಾಲು ಕೈಗೆ ಕೊಟ್ಟರೆ ಸಾಕು, ಮೂರನೆಯದನ್ನು ಹಿಡಿದು ಕಥೆ ಕಟ್ಟಿಬಿಡ್ತಾರೆ.

ಕತ್ತಲೆ ಬೇಕು ಅಂದಿರಲ್ಲ, ಅದೇ ಗ್ರಂಥದ ದಿವ್ಯಗಳನ್ನು (ದೇವರ ಮೇಲೆ ಭಾರ ಹಾಕಿ ನಿಜ ಕಂಡುಹಿಡಿಯುವ ಪರೀಕ್ಷೆಗಳು) ತಗೊಳ್ಳಿ. ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಅಂತ ಐದು. ಕೋಶ ಅಂದರೆ ದೇವರ ಮೂರ್ತಿ ತೊಳೆದ ನೀರು ಕುಡಿಸೋದು. ಸಾಕ್ಷಿ, ಪತ್ರ ಏನೂ ಇಲ್ಲದಾಗ, ದೊಡ್ಡ ಆರೋಪಗಳಿಗೆ. ಇದರಲ್ಲಿ ಒಂದು ಷರತ್ತು ಅಡಗಿದೆ: ಆರೋಪಿ ಗೆದ್ದರೆ ದಂಡ ತನಗೇ ಇರಲಿ ಅಂತ ಆರೋಪ ಹೊರಿಸಿದವನು ಮೊದಲು ಒಪ್ಪಬೇಕು. ನಮ್ಮಲ್ಲಿ ಇದನ್ನು ತಂದ ಮೇಲೆ ಸುಮ್ಮನೆ ಬೆರಳು ತೋರಿಸುವ ಚಟ ನಿಂತಿತು.

ತೀರ್ಪು ಕೊಡಲು ಮೂವರು, ಚೀಟಿ ಎತ್ತಿ. ಆ ಕಥೆಯಲ್ಲಿ ಪಾಲಿರುವವರ ಚೀಟಿ ಹಾಕಬೇಡಿ. ಮಾಡರೇಟರ್ ಆದವರು ನ್ಯಾಯಾಧೀಶರಾಗುವುದೂ ಬೇಡ.

ಕೈ ಕಡಿಯುವ ವಿಷಯ. ಮಾಡಬಹುದು, ಆದರೆ ಆಟಗಾರನ ಒಪ್ಪಿಗೆ ಬೇಕು. ತೀರ್ಪಿಗೆ ಮೊದಲು ಖಾಸಗಿಯಾಗಿ ಎರಡು ಆಯ್ಕೆ ಕಳಿಸಿ, ಎರಡೂ ಅಷ್ಟೇ ಭಾರದ್ದು: ಕೈ, ಇಲ್ಲವೇ ಫಿರ್ಯಾದಿಯ ಮನೆಯಲ್ಲಿ ಐದು ದೃಶ್ಯದ ಜೀತ. 24 ತಾಸಿನಲ್ಲಿ ಉತ್ತರ ಬರದಿದ್ದರೆ ಜೀತ ಅಂತ ಹಿಡೀರಿ. ಅಂಗಚ್ಛೇದದ ಇನ್ನೊಂದು ಕಾಟ ಮರೆವು. ವಾರ ಕಳೆಯುವುದರೊಳಗೆ ಕೈ ಕಳಕೊಂಡವನೇ "ಎರಡೂ ಕೈಯಲ್ಲಿ ಕೊಡ ಎತ್ತಿದ" ಅಂತ ಬರೀತಾನೆ, ಯಾರೂ ಗಮನಿಸುವುದಿಲ್ಲ. ಪಾತ್ರದ ಪರಿಚಯದಲ್ಲೇ ದಾಖಲಿಸಿ, ಎರಡು ಕೈ ಬೇಕಾದ ಕೆಲಸಕ್ಕೆ ದಾಳದಲ್ಲಿ 4 ಕಳೀರಿ. ಮರಣದಂಡನೆ ಆಟಗಾರನೇ ಕೇಳಿಕೊಂಡರೆ ಮಾತ್ರ.

ಆಟಗಾರ ಆಟಗಾರನಿಗೆ ಕಾಟ ಕೊಟ್ಟರೆ, ಅಸಹ್ಯವಾಗಿ ಮೆಸೇಜ್ ಹಾಕಿದರೆ ಅದನ್ನು ನಿಮ್ಮ ಊರಿನ ನ್ಯಾಯದ ಕಟ್ಟೆಗೆ ತರಬೇಡಿ. ಲ್ಯಾಂಬ್ಡಾಮೂ ಅನ್ನುವ ಬರಹದ ಜಗತ್ತಿನಲ್ಲಿ 1993ರಲ್ಲಿ ಇದೇ ಗೊಂದಲ ಆಗಿತ್ತು. ಒಬ್ಬ ಬೇರೆಯವರ ಪಾತ್ರಗಳಿಂದ ಅಸಹ್ಯ ಕೃತ್ಯ ಮಾಡಿಸಿದ, ಜನ ಸೇರಿ ತಾಸುಗಟ್ಟಲೆ ಚರ್ಚಿಸಿ ಯಾವ ನಿರ್ಧಾರಕ್ಕೂ ಬರಲಿಲ್ಲ, ಕೊನೆಗೆ ಒಬ್ಬ ಆಡಳಿತಗಾರ ತಾನೇ ಅವನ ಪಾತ್ರವನ್ನು ಅಳಿಸಿದ. ಅವನು ಇನ್ನೊಂದು ಹೆಸರಿನಲ್ಲಿ ಮರಳಿ ಬಂದ. ಇಂಥದಕ್ಕೆ ವಿಚಾರಣೆ, ದೃಶ್ಯ ಏನೂ ಇಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ನೇರ ಬ್ಯಾನ್.

ಸೆರೆಮನೆ ಚಾನೆಲ್ ಕಟ್ಟುವಾಗ ಒಂದು ತಾಂತ್ರಿಕ ತೊಡಕು. ಕೈದಿ ಅಂತ ರೋಲ್ (ಖಾತೆಗೆ ಅಂಟಿಸುವ ಅನುಮತಿಗಳ ಗುರುತು) ಮಾಡಿ, ಸಂತೆಯ ಚಾನೆಲ್‌ನಲ್ಲಿ ಅದಕ್ಕೆ ಬರೆಯುವ ಅನುಮತಿ ತೆಗೆದರೂ ಅವನು ಅಲ್ಲಿ ಬರೀತಾನೆ. ಯಾಕಂದ್ರೆ ಅವನಿಗೆ ವರ್ತಕ ಅನ್ನುವ ಇನ್ನೊಂದು ರೋಲ್ ಇದ್ದು, ಆ ಚಾನೆಲ್‌ನಲ್ಲಿ ಅದಕ್ಕೆ ಅನುಮತಿ ಹಸಿರಾಗಿದ್ದರೆ, ಡಿಸ್ಕಾರ್ಡ್‌ನಲ್ಲಿ ರೋಲ್‌ಗಳ ನಡುವೆ ಹಸಿರೇ ಗೆಲ್ಲುತ್ತದೆ. ಆ ರೋಲನ್ನು ತಾತ್ಕಾಲಿಕವಾಗಿ ತೆಗೀರಿ, ಇಲ್ಲವೇ ಅವನ ಖಾತೆಯ ಹೆಸರಿನ ಮೇಲೆಯೇ ಕೆಂಪು (ನಿಷೇಧ) ಹಾಕಿ. ಅಡ್ಮಿನ್ ರೋಲ್ ಇದ್ದವರಿಗೆ ಇದ್ಯಾವುದೂ ತಾಗುವುದಿಲ್ಲ. ಸೆರೆಮನೆಯನ್ನು ಓದುವ ಅನುಮತಿ ಮಾತ್ರ ಎಲ್ಲರಿಗೂ ಬಿಡಿ. ನಾನು ಅದನ್ನು ಮುಚ್ಚಿಟ್ಟಿದ್ದೆ. ಬೂದಿಸಿದ್ದ ಗೋಡೆಗೆ ಕಿವಿಯಿಟ್ಟು ಕೂಗಿದ್ದು ಯಾರಿಗೂ ಕಂಡಿರಲೇ ಇಲ್ಲ.