ಮೀನಿನ ದುಡ್ಡು ಎಲ್ಲಿಡೋದು?

ಪ್ರಶ್ನೆ: ಪೆಸಿಫಿಕ್‌ನ ಪುಟ್ಟ ದ್ವೀಪದೇಶಗಳು ಬೇರೆಯವ್ರ ಹಡಗುಗಳಿಗೆ ಮೀನು ಹಿಡಿಯೋ ಪರ್ಮಿಟ್ ಕೊಟ್ಟೇ ಸರ್ಕಾರ ನಡೆಸ್ತಾವಂತೆ. ಆ ದುಡ್ಡನ್ನ ಜನಕ್ಕೆ ಹಂಚಿಬಿಟ್ರೆ ಏನ್ ತಪ್ಪು? ನಮ್ಮಂಥವ್ರಿಗೆ ಅದ್ರಿಂದ ಕಲೀಲಿಕ್ಕೆ ಏನಾದ್ರೂ ಇದ್ಯಾ?
– ಬೈತಖೋಲದ ಓದುಗರು, ಕಾರವಾರ

ಉತ್ತರ: ಹಂಚೋದು ತಪ್ಪಲ್ಲ, ಬಂದಷ್ಟೂ ಹಂಚೋದು ತಪ್ಪು. ಅಲ್ಲಿ ಹಿಡಿಯೋ ಟ್ಯೂನಾ ಒಂದೇ ಕಡೆ ನಿಲ್ಲೋ ಮೀನಲ್ಲ, ಪೆಸಿಫಿಕ್ ನೀರು ಬೆಚ್ಚಗಾಗೋ ಎಲ್ ನಿನೋ ವರ್ಷ ಬಂತು ಅಂದ್ರೆ ಪೂರ್ವಕ್ಕೆ ಸರೀತದೆ, ಆಗ ಕಿರಿಬಾಟಿ ಅನ್ನೋ ದ್ವೀಪದೇಶದ ಖಜಾನೆ ತುಂಬ್ತದೆ, ಆಮೇಲೆ ಮೀನು ವಾಪಸ್ ಪಶ್ಚಿಮಕ್ಕೆ ಹೋದ್ರೆ ಆದಾಯ ಇಳೀತದೆ, ಆದ್ರೆ ಮಾಸ್ತರ್ರ ಸಂಬಳ, ಆಸ್ಪತ್ರೆ ಔಷಧಿ ಎರಡೂ ವರ್ಷ ಬೇಕೇ ಬೇಕಲ್ವಾ.

ಗಳಿಸೋದ್ರಲ್ಲಿ ಅವ್ರು ಜಾಣರು. ಟ್ಯೂನಾ ಪರ್ಮಿಟ್‌ನ ಒಟ್ಟಾಗಿ ನಿಭಾಯಿಸೋ 1982ರ ನೌರು ಒಪ್ಪಂದದ ಕೂಟದಲ್ಲಿ ಈಗ 8 ದೇಶ ಇದಾವೆ, 2007ರಿಂದ ಹಡಗಿನ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಪರ್ಮಿಟ್ ಮಾರ್ತಾರೆ, ಮೀನಿನ ಹಿಂಡನ್ನ ಸುತ್ತುವರಿದು ಬಲೆ ಹಾಕೋ ದೊಡ್ಡ ಪರ್ಸೀನ್ ಹಡಗು ಒಂದು ದಿನ ಬಲೆ ಬಿಡ್ಬೇಕಂದ್ರೆ ಕಮ್ಮಿ ಅಂದ್ರೂ 8,000 ಡಾಲರ್. ಒಬ್ಬೊಬ್ರೇ ಚೌಕಾಸಿಗೆ ಕೂತಿದ್ರೆ ಈ ರೇಟ್ ಎಲ್ಲಿ ಸಿಗ್ತಿತ್ತು!

ಉಳಿಸೋದೇ ಕಷ್ಟ. ಅದೇ ನೌರು ದೇಶ ಮೊದ್ಲು ಗೊಬ್ಬರಕ್ಕೆ ಬಳಸೋ ಫಾಸ್ಫೇಟ್ ಖನಿಜ ಮಾರಿ ಜಗತ್ತಿನ ಶ್ರೀಮಂತರ ಸಾಲಿಗೆ ಬಂದಿತ್ತು, ವಿಮಾನ ಕಂಪನಿ, ಮೆಲ್ಬರ್ನ್‌ನಲ್ಲಿ ಗಗನಚುಂಬಿ ಕಟ್ಟಡ ಅಂತ ಸುರಿದು ಕೊನೆಗೆ ಸಾಲಕ್ಕೆ ಬಿತ್ತು. ಫಂಡ್ ಇರ್ಲಿಲ್ಲ ಅಂತಲ್ಲ, ಇತ್ತು, ಕೈ ಹಾಕೋರನ್ನ ತಡೆಯೋ ಬೀಗ ಇರ್ಲಿಲ್ಲ ಅಷ್ಟೇ. ಟುವಾಲು ಅನ್ನೋ ಇನ್ನೊಂದು ದ್ವೀಪದೇಶ 1987ರಲ್ಲಿ ಟ್ರಸ್ಟ್ ಫಂಡ್ ಮಾಡಿದಾಗ ಆ ಬೀಗ ಹಾಕ್ತು: ಬೆಲೆಯೇರಿಕೆ ಕಳೆದು ಅಸಲು ಹಾಗೇ ಉಳಿದ್ರೆ ಮಾತ್ರ ಮೇಲಿನ ಲಾಭ ಸರ್ಕಾರಕ್ಕೆ, ಬೋರ್ಡಲ್ಲಿ ದುಡ್ಡು ಕೊಟ್ಟ ಹೊರದೇಶದವ್ರೂ ಕೂರ್ತಾರೆ. ನನ್ ಪ್ರಕಾರ ಎಲ್ಲಾ ದ್ವೀಪಗಳೂ ಮಾಡ್ಬೇಕಾದ್ದು ಇದನ್ನೇ, ಅದೂ ದುಡ್ಡನ್ನ ಹೊರದೇಶದ ಷೇರು, ಬಾಂಡ್‌ಗಳಲ್ಲಿ ಹರಡಿ ಇಡ್ಬೇಕು, ಯಾಕಂದ್ರೆ ಸಮುದ್ರ ಕೈಕೊಟ್ಟ ವರ್ಷ ಊರಿನ ಹೋಟ್ಲು, ಅಂಗಡಿ, ಬ್ಯಾಂಕು ಎಲ್ಲಾ ಒಟ್ಟಿಗೇ ಮಲಗ್ತಾವೆ. ಹಾಗಂತ ಕುಡಿಯೋ ನೀರಿಗೆ, ಶಾಲೆಗೆ, ಕಳ್ಳ ಹಡಗು ಹಿಡಿಯೋ ಗಸ್ತಿಗೆ ಜಿಪುಣತನ ಮಾಡ್ಬಾರ್ದು, ಮಕ್ಕಳನ್ನ ಓದಿಸ್ದೆ ಫಂಡ್ ಬೆಳೆಸಿ ಏನ್ ಉಪಯೋಗ.

ಇನ್ನು ನಮ್ಮ ಕಥೆ. ಜೂನ್-ಜುಲೈ ಮೀನುಗಾರಿಕೆ ಬಂದ್ ಟೈಮಿಗೆ ಉಳಿತಾಯ-ಪರಿಹಾರ ಯೋಜನೆ ಇದೆ, ನಾವು ಒಂದಿಷ್ಟು ಕಟ್ಟಿದ್ರೆ ಸರ್ಕಾರವೂ ಒಂದಿಷ್ಟು ಸೇರಿಸ್ತದೆ, ಆದ್ರೆ ಅಷ್ಟ್ರಲ್ಲಿ ಮನೆ ನಡೀತದಾ? ಬಂಗಡೆ ಬಂಪರ್ ಆದ ವರ್ಷ ಬೋಟಿನವ್ರೂ ಸೊಸೈಟಿಯೂ ಸೇರಿ ಒಂದು ಪಾಲು ಎತ್ತಿಟ್ಟು, ಯಾವಾಗ ಎಷ್ಟು ತೆಗೀಬಹುದು ಅಂತ ಮೊದ್ಲೇ ಬರೆದಿಟ್ಕೊಳ್ಳಿ, ಅಧ್ಯಕ್ಷ ಬದಲಾದ್ರೂ ಆ ರೂಲ್ ಬದಲಾಗ್ಬಾರ್ದು. ಮುಂದಿನ ಜನರಲ್ ಬಾಡಿ ಮೀಟಿಂಗಲ್ಲಿ ನೀವೇ ಈ ಮಾತು ಎತ್ತಿ.